ಗುಬ್ಬಕ್ಕನಿಗೆ ಎಷ್ಟು ಬೆಲೆ?



‘ಸುಮ್ಮನೆ ಕೂತು ಮಾಡುವ ಕೆಲಸ’ ಎಂಬ ಮಾತೊಂದು ನಮ್ಮ ಕಡೆ ಬಹಳ ಬಳಕೆಯಲ್ಲಿದೆ. ಹೂ ಕಟ್ಟುವುದು, ಬತ್ತಿ ಹೊಸೆಯುವುದು, ಅವರೆಕಾಳು ಹಿತಕುವುದು, ಕುಲಾವಿ ಹೆಣೆಯುವುದು ಇವೆಲ್ಲ ಆ ಪಟ್ಟಿಯಲ್ಲಿ ಸೇರುತ್ತವೆ. ಪಟ್ಟಿಯನ್ನು ಮತ್ತೊಮ್ಮೆ ಓದಿ ನೋಡಿ. ಗಂಡಸರು ಮಾಡುವ ಒಂದೇ ಒಂದು ಕೆಲಸವೂ ಅದರಲ್ಲಿಲ್ಲ! ಈಚಿನ ವರ್ಷಗಳಲ್ಲಿ ಆ ಪಟ್ಟಿಗೆ ಹೊಸದಾಗಿ ಸೇರಿರುವುದು ಮಕ್ಕಳ ಕ್ರೋಶಾ ಗೊಂಬೆ. ಇಂಥ ಗೊಂಬೆಯನ್ನು ಕೊಳ್ಳುವಾಗ ನಾವು ದಾರದ ಬೆಲೆಯನ್ನಷ್ಟೇ ಕೊಟ್ಟು, ಕೈಗಳ ಬೆಲೆಯನ್ನು ಕೊಡದೆ ಬರುತ್ತಿದ್ದೇವೆ ಎಂಬುದು ನನ್ನ ದೂರು. ದೂರು ನಿಮ್ಮ ಮೇಲೆಯೇ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕ್ರೋಶಾ ಎಂದರೇನೆಂದು ನಿಮ್ಮಲ್ಲಿ ಹೆಂಗಸರಿಗೆ ಹೇಳಬೇಕಿಲ್ಲ. ಸ್ವೆಟರಿನ ಹೆಣಿಗೆಗೆ ಎರಡು ಕಡ್ಡಿ ಬೇಕು; ಕ್ರೋಶಾಕ್ಕೆ ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿ ಸಾಕು. ನಮ್ಮ ತಾಯಂದಿರ ಕಾಲದಲ್ಲಿ ಆ ಕಡ್ಡಿಯಿಂದ ಬಾಗಿಲಿನ ತೋರಣ, ರೇಡಿಯೋದ ಹೊದಿಕೆ, ಮೇಜಿನ ಬಟ್ಟೆಯ ಅಂಚು, ಆಮೇಲೆ ಟಿ.ವಿ.ಯ ಮುಸುಕು ಹುಟ್ಟಿದವು. ಈಗ ಅದೇ ಕಡ್ಡಿಯಿಂದ ಹತ್ತಿ ತುಂಬಿದ ಪುಟ್ಟ ಗೊಂಬೆಗಳು ಹುಟ್ಟುತ್ತಿವೆ. ಜಪಾನೀಯರು ಇದನ್ನು ‘ಅಮಿಗುರುಮಿ’ ಎನ್ನುತ್ತಾರೆ. ಹೆಣಿಗೆ ಎಂಬರ್ಥದ ‘ಅಮಿ’ ಮತ್ತು ತುಂಬಿದ ಗೊಂಬೆ ಎಂಬರ್ಥದ ‘ನುಯಿಗುರುಮಿ’ ಎರಡೂ ಕೂಡಿ ಆದ ಪದವಂತೆ. ನಮ್ಮ ಶಾಲೆಯ ಕನ್ನಡ ಪಂಡಿತರು ಇದ್ದಿದ್ದರೆ ಇದು ಯಾವ ಸಂಧಿ ಎಂದು ತಕ್ಷಣ ಕೇಳುತ್ತಿದ್ದರು! ನಾನು ಇದನ್ನು ಕಲಿತದ್ದು 2020ರಲ್ಲಿ, ನಿವೃತ್ತಿಯೂ ಲಾಕ್‌ಡೌನೂ ಒಟ್ಟಿಗೇ ಬಂದ ವರ್ಷ. ಗುರು ಯೂಟ್ಯೂಬ್.

ಕಲಿಯುತ್ತಾ ಹೋದಂತೆ ಗಣಿತ ಪಾಠ ಮಾಡಿದ ನನಗೆ ಒಂದು ಸೋಜಿಗ ಕಂಡಿತು. ಗೊಂಬೆಯ ತಲೆಯನ್ನು ಆರು ಕುಣಿಕೆಗಳ ಒಂದು ಸಣ್ಣ ಉಂಗುರದಿಂದ ಆರಂಭಿಸುತ್ತಾರೆ. ಎರಡನೆಯ ಸುತ್ತಿಗೆ ಹನ್ನೆರಡು, ಮೂರನೆಯದಕ್ಕೆ ಹದಿನೆಂಟು, ಹೀಗೆ ಪ್ರತಿ ಸುತ್ತಿಗೂ ಆರಾರು ಕುಣಿಕೆ ಹೆಚ್ಚಿಸುತ್ತಾ ಹೋದರೆ ಚಪ್ಪಟೆಯಾದ ಬಿಲ್ಲೆ ಬರುತ್ತದೆ. ಆರೇ ಏಕೆ? ಒಂಬತ್ತನೆಯ ತರಗತಿಯಲ್ಲಿ ನಿಮಗೆ ಹೇಳಿದ್ದು ನೆನಪಿದೆಯೇ, ವೃತ್ತದ ಪರಿಧಿ ತ್ರಿಜ್ಯದ ಎರಡು ಪೈಯಷ್ಟು, ಎಂದರೆ 6.28ರಷ್ಟು. ಸಿಂಗಲ್ ಕ್ರೋಶಾದ ಒಂದು ಕುಣಿಕೆಯ ಎತ್ತರವೂ ಅಗಲವೂ ಹೆಚ್ಚುಕಡಿಮೆ ಸಮ. ಆದ್ದರಿಂದ ಒಂದು ಸುತ್ತು ಬೆಳೆದಾಗ ತ್ರಿಜ್ಯ ಒಂದು ಕುಣಿಕೆಯಷ್ಟು, ಪರಿಧಿ ಆರು ಕುಣಿಕೆಯಷ್ಟು ಹೆಚ್ಚುತ್ತದೆ. ಆರಕ್ಕಿಂತ ಕಡಿಮೆ ಹಾಕಿದರೆ ಬಿಲ್ಲೆ ಬಟ್ಟಲಿನಂತೆ ಬಾಗುತ್ತದೆ. ಬಹಳ ಹೆಚ್ಚಾದರೆ ಲಂಗದ ಅಂಚಿನಂತೆ ನಿರಿಗೆಗಟ್ಟುತ್ತದೆ. ಈ ನಿರಿಗೆಯನ್ನೇ ಹಿಡಿದು 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಗಣಿತಜ್ಞೆ ಡೈನಾ ಟೈಮಿನಾ ಎಂಬಾಕೆ ‘ಹೈಪರ್ಬೋಲಿಕ್’ ಸಮತಲದ ಮಾದರಿಯನ್ನು ಕ್ರೋಶಾದಲ್ಲಿ ಹೆಣೆದು ತೋರಿಸಿದರು. ಆ ಕುರಿತು ಅವರು ಬರೆದ ಪುಸ್ತಕಕ್ಕೆ 2012ರಲ್ಲಿ ಆಯ್ಲರ್ ಹೆಸರಿನ ಪ್ರಶಸ್ತಿಯೂ ಬಂತು. ಕ್ರೋಶಾ ಬುದ್ಧಿಗೆ ಕೆಲಸವಿಲ್ಲದ ಹೆಂಗಸರ ಹವ್ಯಾಸ ಎನ್ನುವವರಿಗೆ ನಾನು ಈ ಪ್ರಸಂಗವನ್ನು ತಪ್ಪದೆ ಹೇಳುತ್ತೇನೆ.

ಇನ್ನು ಎಣಿಕೆಗೆ ಬರೋಣ. ಆರರಿಂದ ಮೂವತ್ತಾರರವರೆಗೆ ಹೆಚ್ಚಿಸುವ ಆರು ಸುತ್ತುಗಳಿಗೆ 126 ಕುಣಿಕೆ; ಮೂವತ್ತಾರರಲ್ಲೇ ಆರು ಸುತ್ತು ನಡೆದರೆ 216; ಮತ್ತೆ ಕುಗ್ಗಿಸುತ್ತಾ ಆರಕ್ಕೆ ಇಳಿಯಲು 90. ಒಟ್ಟು 432. ಇದು ತಲೆಯೊಂದಕ್ಕೆ ಮಾತ್ರ. ಒಂದು ಗೇಣುದ್ದದ ಗುಬ್ಬಕ್ಕನಿಗೆ ಮೈ, ಎರಡು ರೆಕ್ಕೆ, ಬಾಲ, ಕೊಕ್ಕು, ಕಾಲುಗಳು, ಮೇಲೊಂದು ಹಸಿರು ಸೀರೆ ಎಂದು ಲೆಕ್ಕ ಹಿಡಿದರೆ ಎರಡು ಸಾವಿರದ ಆಸುಪಾಸು ಕುಣಿಕೆ ಬೇಕು. ಹತ್ತಿ ತುಂಬಬೇಕು; ಒಂದೆಡೆ ಗಂಟಾಗದಂತೆ, ಕುತ್ತಿಗೆ ಜೋಲದಂತೆ ತುಂಬುವುದೇ ಒಂದು ವಿದ್ಯೆ. ಬಿಡಿಭಾಗಗಳನ್ನು ಸೂಜಿಯಿಂದ ಜೋಡಿಸಬೇಕು, ಕೊನೆಗೆ ಕಣ್ಣು ಹೊಲಿಯಬೇಕು. ನುರಿತ ಕೈಗೂ ಆರು ಗಂಟೆ ಹಿಡಿಯುತ್ತದೆ.

ಇನ್ನೊಂದು ವಿಷಯ ಬಹುಮಂದಿಗೆ ತಿಳಿದಿಲ್ಲ. ಸ್ವೆಟರನ್ನು ಹೆಣೆಯುವ ಯಂತ್ರಗಳಿವೆ. ಆದರೆ ಕೈ ಕ್ರೋಶಾವನ್ನು ಹಾಗೆಯೇ ಹೆಣೆದುಕೊಡುವ ಯಂತ್ರ ಇಂದಿಗೂ ಯಾವ ಕಾರ್ಖಾನೆಯಲ್ಲೂ ದುಡಿಯುತ್ತಿಲ್ಲ. ಬಿ.ಎಚ್. ರಸ್ತೆಯ ಅಂಗಡಿಗಳಲ್ಲಿ ತೂಗುಹಾಕಿರುವ ಮೆತ್ತನೆಯ ಕರಡಿ, ಮೊಲಗಳು ಯಂತ್ರದಲ್ಲಿ ಹೊಲಿದ ಬಟ್ಟೆಯವು; ಅವುಗಳ ಲೆಕ್ಕ ಬೇರೆ. ಕ್ರೋಶಾ ಗೊಂಬೆಯೊಂದು ನೂರೈವತ್ತು ರೂಪಾಯಿಗೆ ಎಲ್ಲಿಯಾದರೂ ಸಿಕ್ಕಿದರೆ, ಎಲ್ಲೋ ಒಬ್ಬಳ ಬೆರಳುಗಳು ಅಷ್ಟು ಅಗ್ಗವಾಗಿವೆ ಎಂದೇ ತಿಳಿಯಬೇಕು.

ಆ ಬೆರಳುಗಳ ಪೈಕಿ ಒಂದು ಜೊತೆಯನ್ನು ನಾನು ಬಲ್ಲೆ. ಗುಬ್ಬಿಯಲ್ಲಿ ನಾನು ಪಾಠ ಮಾಡುತ್ತಿದ್ದಾಗ ಎರಡನೆಯ ಬೆಂಚಿನ ಗೋಡೆಯ ಪಕ್ಕ ಕೂರುತ್ತಿದ್ದ ಹುಡುಗಿ. ಹೆಸರು ಬೇಡ. ಈಗ ಇಬ್ಬರು ಮಕ್ಕಳ ತಾಯಿ. ಗಂಡನಿಗೆ ತೆಂಗಿನಕಾಯಿ ಸುಲಿಯುವ ಕೂಲಿ ಕೆಲಸ. ಮಕ್ಕಳು ಶಾಲೆಗೆ ಹೋದ ಮೇಲೂ ರಾತ್ರಿ ಪಾತ್ರೆ ತೊಳೆದಾದ ಮೇಲೂ ಕೂತು ಗೊಂಬೆ ಹೆಣೆಯುತ್ತಾಳೆ. ಅವಳ ಕೈಯ ಬಿಗಿ ನನ್ನ ಕೈಗೆ ಇಂದಿಗೂ ಬಂದಿಲ್ಲ. ಎಲ್ಲಿ ಹಿಂಡಿದರೂ ಒಳಗಿನ ಹತ್ತಿ ಇಣುಕುವುದಿಲ್ಲ. ಕಳೆದ ವರ್ಷ ನಾನು ಅವಳ ಮನೆಗೆ ಹೋಗಿದ್ದಾಗ ಹೇಳಿದ ಮಾತು ಇದು: “ಸುಮ್ನೆ ಕೂತ್ಕಂಡು ಮಾಡೋ ಕೆಲ್ಸಕ್ಕೆ ಮುನ್ನೂರು ರೂಪಾಯಾ ಅಂತಾರೆ ಮೇಡಂ. ಇನ್ನೂರಕ್ಕೆ ಕೊಡು ಅಂತಾರೆ. ವಾಪಸ್ ತಗಂಡು ಬರೋಕೆ ಆಗ್ದೆ ಕೊಟ್ಟು ಬತ್ತೀನಿ.”

ಅಲ್ಲಿಯೇ ಕುಳಿತು ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದೆವು. ದಾರ, ತುಂಬುವ ಹತ್ತಿ, ಕಣ್ಣಿನ ನೂಲು ಸೇರಿ 95 ರೂಪಾಯಿ. ಮುನ್ನೂರಕ್ಕೆ ಮಾರಿದರೆ ಉಳಿಯುವುದು 205. ಆರು ಗಂಟೆಗೆ ಭಾಗಿಸಿದರೆ ಗಂಟೆಗೆ 34 ರೂಪಾಯಿ. ಇನ್ನೂರಕ್ಕೆ ಕೊಟ್ಟಳೆಂದರೆ ಗಂಟೆಗೆ ಹದಿನೇಳೂವರೆ. 2025-26ನೇ ಸಾಲಿನಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ, ಗಂಡಿಗೂ ಹೆಣ್ಣಿಗೂ ಒಂದೇ. ಎಂಟು ಗಂಟೆಯ ದಿನವೆಂದು ಹಿಡಿದರೆ ಗಂಟೆಗೆ 46 ರೂಪಾಯಿ 25 ಪೈಸೆ. ಕೆರೆಯ ಹೂಳು ತೆಗೆದವರಿಗೆ ಸರ್ಕಾರ ಕೊಡಬೇಕೆಂದ ಕೂಲಿಯನ್ನೇ ಇವಳಿಗೂ ಕೊಟ್ಟರೆ ಆರು ಗಂಟೆಗೆ 277 ರೂಪಾಯಿ 50 ಪೈಸೆ. ಸಾಮಗ್ರಿ ಸೇರಿಸಿದರೆ ಗೊಂಬೆಗೆ 372 ರೂಪಾಯಿ 50 ಪೈಸೆ. ಲಾಭವಿಲ್ಲ, ಕೌಶಲಕ್ಕೆಂದು ಒಂದು ಬಿಡಿಗಾಸು ಇಲ್ಲ. ಅವಳು ಹಾಳೆಯನ್ನು ಬಹಳ ಹೊತ್ತು ನೋಡಿದಳು. ದಸರಾ ಕಳೆದ ಮೇಲೆ ಕಡ್ಡಿಯನ್ನು ಎತ್ತಿಟ್ಟು ತುಮಕೂರಿನ ಕಡೆ ಹೋಗುವ ಗಾರ್ಮೆಂಟ್ಸ್ ಬಸ್ಸು ಹತ್ತುವ ಯೋಚನೆಯಿದೆ ಎಂದಳು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಅಲ್ಲಿ ದುಡಿಮೆಯನ್ನು ದುಡಿಮೆಯೆಂದು ಬರೆದುಕೊಳ್ಳುವ ಪುಸ್ತಕವಾದರೂ ಇರುತ್ತದೆ.

ಕೈಗೆಲಸದಲ್ಲಿ ಯಾವುದು ಕಸುಬು, ಯಾವುದು ಕಾಲಹರಣ ಎಂದು ನಿರ್ಧರಿಸುವವರು ಯಾರು? ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದವನು ಒಬ್ಬ ಹುಡುಗ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಕುಣಿಗಲ್ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. 1977ರ ಈಶ್ವರಭಾಯಿ ಪಟೇಲ್ ಸಮಿತಿಯ ಶಿಫಾರಸಿನಿಂದ ಬಂದ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ದ ಅವಧಿಗಳು ಆಗ ವೇಳಾಪಟ್ಟಿಯಲ್ಲಿದ್ದವು. ಹುಡುಗರಿಗೆ ತೋಟದ ಕೆಲಸ, ಹುಡುಗಿಯರಿಗೆ ಹೊಲಿಗೆ ಹೆಣಿಗೆ ಎಂಬುದು ಅಲ್ಲಿಯ ವಾಡಿಕೆ. ಒಂದು ಮಳೆಯ ದಿನ ತೋಟಕ್ಕೆ ಹೋಗಲಾಗದೆ ಎಲ್ಲರೂ ಒಂದೇ ಕೊಠಡಿಯಲ್ಲಿ ಕುಳಿತಿದ್ದಾಗ, ಕುಣಿಗಲ್ ಕೆರೆಯಲ್ಲಿ ಮೀನು ಹಿಡಿಯುವ ಮನೆಯಿಂದ ಬಂದ ಹುಡುಗನೊಬ್ಬ ಹುಡುಗಿಯೊಬ್ಬಳ ಕಡ್ಡಿಯನ್ನು ಇಸಿದುಕೊಂಡು ಚಕಚಕನೆ ನಾಲ್ಕು ಸಾಲು ಎಳೆದುಬಿಟ್ಟ. ಉಳಿದವರು ನಕ್ಕರು. ಅವನಿಗೆ ಸಂಕೋಚವೇನೂ ಆಗಲಿಲ್ಲ. “ನಮ್ಮಪ್ಪ ಬಲೆ ಹೆಣೆಯಾದೂ ಹಿಂಗೇ ಅಲ್ವಾ ಮಿಸ್?” ಎಂದ. ಬಲೆಯ ಗಂಟು ಬೇರೆ, ಕ್ರೋಶಾದ ಕುಣಿಕೆ ಬೇರೆ, ಅದಿರಲಿ. ದಾರ, ಬೆರಳು, ಎಣಿಕೆ ಎಲ್ಲವೂ ಒಂದೇ. ಅಪ್ಪ ಹೆಣೆದರೆ ಅದು ಕಸುಬು. ಅಂಗಳದಲ್ಲಿ ಕುಳಿತು ಬಲೆ ಹೆಣೆಯುವ ಗಂಡಸಿಗೆ ‘ಸುಮ್ಮನೆ ಕೂತಿದ್ದೀಯಲ್ಲ’ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇದು ನಮ್ಮ ಜಿಲ್ಲೆಯೊಂದರ ಕಥೆಯಲ್ಲ. ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಕ್ರೋಶಾ ಲೇಸನ್ನು ಕಲಿಸಿದರು. ಅದು ಬೆಳೆದು ವಿದೇಶಗಳಿಗೆ ರಫ್ತಾಗುವ ಉದ್ಯಮವೇ ಆಯಿತು. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಅಲ್ಲಿ ಅಧ್ಯಯನ ನಡೆಸಿ 1982ರಲ್ಲಿ ‘ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್’ ಎಂಬ ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದಿಷ್ಟು: ಸಾವಿರಾರು ಹೆಂಗಸರು ಮನೆಗೆಲಸದ ಜೊತೆಗೆ ದಿನವೂ ಗಂಟೆಗಟ್ಟಲೆ ಲೇಸು ಹೆಣೆಯುತ್ತಿದ್ದರು, ಕೈಗೆ ಬರುತ್ತಿದ್ದುದು ಹೊಲದ ಕೂಲಿಗಿಂತಲೂ ಬಹಳ ಕಡಿಮೆ, ವ್ಯಾಪಾರ, ರಫ್ತು, ಲಾಭ ಗಂಡಸರ ಪಾಲು. ಇಷ್ಟಾದರೂ ಅವರನ್ನು ಕೆಲಸಗಾರರೆಂದು ಯಾರೂ ಕರೆಯುತ್ತಿರಲಿಲ್ಲ. ಅವರು ಬಿಡುವಿನ ವೇಳೆಯಲ್ಲಿ ಏನೋ ಮಾಡುವ ‘ಗೃಹಿಣಿಯರು’! ಆ ಒಂದು ಪದದಿಂದಲೇ ಕೂಲಿ ಅಷ್ಟು ಇಳಿಯಲು ಸಾಧ್ಯವಾಯಿತು ಎಂಬುದು ಮೀಸ್ ಅವರ ವಾದ. ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಸಂತೋಷವೇ. ಮಾನ್ಯತೆ ಲೇಸಿಗೆ ಸಿಕ್ಕಿತು, ಹೆಣೆಯುವವಳ ಗಂಟೆಗೂ ಸಿಗಬೇಕು.

ನಮ್ಮ ನೆರೆಯ ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳನ್ನೇ ನೋಡಿ. ಅಲ್ಲಿ ಮರ ಕಡೆಯುವವನನ್ನು ಕುಶಲಕರ್ಮಿ ಎನ್ನುತ್ತೇವೆ, ಬೆಲೆ ಹೇಳಿದರೆ ‘ಕೈಗೆಲಸವಲ್ಲವೇ’ ಎಂದು ಕೊಡುತ್ತೇವೆ. ಕ್ರೋಶಾ ಗೊಂಬೆ ನಮ್ಮದಲ್ಲ, ಜಪಾನಿನದು ಎಂದು ನನ್ನ ಭಾವನವರು ಒಮ್ಮೆ ವಾದಿಸಿದರು. ಚನ್ನಪಟ್ಟಣದ ಬಾವಾಸ್ ಮಿಯಾ ಅವರೂ ಜಪಾನಿನ ಆಟಿಕೆ ತಂತ್ರವನ್ನು ತಂದು ಅಲ್ಲಿಯ ಕಸುಬಿಗೆ ಹೊಂದಿಸಿದವರೆಂದು ಹೇಳುತ್ತಾರೆ. ಅದಕ್ಕಾಗಿ ಆ ಗೊಂಬೆಯನ್ನು ಯಾರಾದರೂ ಪರಕೀಯ ಎಂದದ್ದುಂಟೆ? ಭಾವನವರು ಮಾತು ಬದಲಿಸಿ ಕಾಫಿ ಕೇಳಿದರು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ‘ಪ್ರೀತಿಯಿಂದ ಮಾಡುವ ವಸ್ತುವಿಗೆ ಬೆಲೆ ಕಟ್ಟುವುದೆ? ಅಜ್ಜಿ ಹೆಣೆದ ಕುಲಾವಿಗೆ ಬಿಲ್ಲು ಬರೆಯುವುದೆ?’ ಎನ್ನುತ್ತಾರೆ. ಖಂಡಿತ ಇಲ್ಲ. ನನ್ನ ಮೊಮ್ಮಗಳಿಗೆ ನಾನು ಹೆಣೆದದ್ದಕ್ಕೆ ಬೆಲೆಯಿಲ್ಲ; ಅದು ನಾನಾಗಿ ಕೊಟ್ಟದ್ದು. ಕೇಳಿ ಮಾಡಿಸಿಕೊಳ್ಳುವುದು ಬೇರೆ ವ್ಯವಹಾರ. ಹುಟ್ಟುಹಬ್ಬಕ್ಕೆ ಬಂದ ಇಪ್ಪತ್ತು ಮಕ್ಕಳಿಗೆ ರಿಟರ್ನ್ ಗಿಫ್ಟ್ ಕೊಡಲು ಇಪ್ಪತ್ತು ಗೊಂಬೆ ಬೇಕೆಂದು ಕೇಳಿ, ‘ದಾರದ ಖರ್ಚು ನಾವೇ ಕೊಡುತ್ತೇವೆ’ ಎನ್ನುವುದರಲ್ಲಿ ಪ್ರೀತಿ ಎಲ್ಲಿದೆ? ನೂರಿಪ್ಪತ್ತು ಗಂಟೆಯ ದುಡಿಮೆಯನ್ನು ಪ್ರೀತಿಯ ಹೆಸರಿನಲ್ಲಿ ಕೇಳುವವರು ಕೇಕಿನ ಅಂಗಡಿಯವನ ಬಳಿ ಮೈದಾಹಿಟ್ಟಿನ ಖರ್ಚನ್ನಷ್ಟೇ ಕೊಡುತ್ತೇನೆ ಎನ್ನುವುದಿಲ್ಲವಷ್ಟೆ.

ಇಲ್ಲಿ ನನ್ನಂಥ ಪಿಂಚಣಿದಾರರ ಪಾತ್ರವೂ ಇದೆ. ನನಗೆ ತಿಂಗಳ ಮೊದಲ ವಾರ ಬ್ಯಾಂಕಿಗೆ ಹಣ ಬರುತ್ತದೆ. ನಾನು ಕೇಳಿದವರಿಗೆಲ್ಲ ಗೊಂಬೆಯನ್ನು ಉಚಿತವಾಗಿ ಹಂಚುತ್ತಾ ಹೋದರೆ ತುಮಕೂರಿನಲ್ಲಿ ಗೊಂಬೆಯ ಬೆಲೆ ಸೊನ್ನೆಯಾಗುತ್ತದೆ. ಆ ಸೊನ್ನೆಯನ್ನು ಹಿಡಿದುಕೊಂಡು ಜನ ಗುಬ್ಬಿಯಲ್ಲಿ ನನ್ನ ವಿದ್ಯಾರ್ಥಿನಿಯ ಬಳಿ ಚೌಕಾಸಿಗೆ ನಿಲ್ಲುತ್ತಾರೆ. ಆದಕಾರಣ ಮನೆಯ ಮಕ್ಕಳಿಗಲ್ಲದೆ ಬೇರೆ ಯಾರಿಗೂ ನಾನು ಗೊಂಬೆ ಹೆಣೆದುಕೊಡುವುದಿಲ್ಲ. ಇದನ್ನು ಜಿಪುಣತನವೆಂದು ತಿಳಿದವರು ಹಾಗೆಯೇ ತಿಳಿಯಲಿ.

ಇಷ್ಟು ಹೇಳಿದ ಮೇಲೆ ಹೆಣೆಯುವವರಿಗೂ ಒಂದೆರಡು ಮಾತು ಹೇಳಬೇಕು. ಬೆಲೆ ಕೇಳುವವರ ಕೆಲಸವೂ ಬೆಲೆಗೆ ತಕ್ಕಂತಿರಬೇಕಲ್ಲವೇ? ಮೂರು ವರ್ಷದೊಳಗಿನ ಕೂಸಿನ ಗೊಂಬೆಗೆ ಗುಂಡಿ, ಮಣಿ, ಪ್ಲಾಸ್ಟಿಕ್ ಕಣ್ಣು ಯಾವುದನ್ನೂ ಇಡಬೇಡಿ. ಆ ವಯಸ್ಸಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಕಿತ್ತುಬಂದರೆ ಗಂಟಲಿಗೆ ಸಿಕ್ಕುತ್ತದೆ. ಕಣ್ಣನ್ನು ಕಪ್ಪು ನೂಲಿನಲ್ಲೇ ಕಸೂತಿ ಮಾಡಿ. ದಾರದ ಪಟ್ಟಿಯಲ್ಲಿ ಹೇಳಿದ್ದಕ್ಕಿಂತ ಒಂದು ಅಳತೆ ಸಣ್ಣ ಕಡ್ಡಿಯಲ್ಲಿ ಹೆಣೆದರೆ ನೆಯ್ಗೆ ಬಿಗಿಯಾಗಿ ಹತ್ತಿ ಹೊರಬರುವುದಿಲ್ಲ. ನಮ್ಮ ಬಿಸಿಲಿಗೆ ಉಲ್ಲನ್‌ಗಿಂತ ಹತ್ತಿಯ ದಾರ ವಾಸಿ, ಮಗುವಿನ ಕೆನ್ನೆಗೆ ಚುಚ್ಚುವುದಿಲ್ಲ, ಒಗೆದರೂ ಕೆಡುವುದಿಲ್ಲ.

ಕಾನೂನಿನ ಮಾತೂ ಉಂಟು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗಳಿಗೆ ಇದರಿಂದ ವಿನಾಯಿತಿ ಇದೆ. ಆದ್ದರಿಂದ ಆ ಗುರುತಿನ ಚೀಟಿಯನ್ನು ಮಾಡಿಸಿಕೊಳ್ಳುವುದು ಅಗತ್ಯ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ‘ಗೊಂಬೆ ಮತ್ತು ಆಟಿಕೆ ತಯಾರಿಕೆ’ಯೂ ಒಂದು, ಉಪಕರಣಗಳಿಗೆ 15,000 ರೂಪಾಯಿ, ಶೇಕಡ 5ರ ಬಡ್ಡಿಯಲ್ಲಿ ಮೊದಲ ಹಂತಕ್ಕೆ ಒಂದು ಲಕ್ಷದವರೆಗೆ ಸಾಲ ಎಂದಿದೆ. ಆದರೆ ಪಟ್ಟಿಯಲ್ಲಿ ‘ಸಾಂಪ್ರದಾಯಿಕ’ ಎಂಬ ಆವರಣವಿದೆ. ಮರ, ಮಣ್ಣಿನ ಗೊಂಬೆಗಳಂತೆ ದಾರದ ಗೊಂಬೆಯನ್ನೂ ಆ ಆವರಣದೊಳಗೆ ಕರೆದುಕೊಳ್ಳಬೇಕು ಎಂಬುದು ನನ್ನ ಒತ್ತಾಯ. ನನ್ನ ಶಿಷ್ಯರಲ್ಲಿ ತಾಲ್ಲೂಕು, ಜಿಲ್ಲಾ ಕಚೇರಿಗಳಲ್ಲಿರುವವರು ಮೂವರಾದರೂ ಇದ್ದೀರಿ. ಇದನ್ನು ಓದುತ್ತಿದ್ದೀರಿ ಎಂದೂ ನನಗೆ ಗೊತ್ತು!

ಯಾವ ಗೊಂಬೆ ಎಂಬ ವಿಷಯಕ್ಕೂ ನನ್ನದೊಂದು ಹಟವಿದೆ. ಮಕ್ಕಳು ಕೇಳುವುದು ಡೋರೆಮಾನ್, ಪಿಕಾಚು, ಛೋಟಾ ಭೀಮ್. ಅವುಗಳಿಗೆಲ್ಲ ಒಡೆಯರಿದ್ದಾರೆ, ಹಕ್ಕುಗಳಿವೆ. ಹೆಣೆದು ಮಾರುವುದು ಸರಿಯಲ್ಲ. ಕಾಗಕ್ಕ ಗುಬ್ಬಕ್ಕರಿಗೆ ಒಡೆಯರಿಲ್ಲ, ಪುಣ್ಯಕೋಟಿಗೂ ಇಲ್ಲ. ಸಗಣಿಯ ಮನೆ ಕೊಚ್ಚಿಹೋಗಿ ಮಳೆಯಲ್ಲಿ ನೆನೆದ ಕಾಗಕ್ಕನನ್ನು ಬಾಗಿಲಾಚೆ ನಿಲ್ಲಿಸಿ, ಗುಬ್ಬಕ್ಕನನ್ನು ಒಳಗೆ ಕೂರಿಸಿ ಕಥೆ ಹೇಳಿದರೆ ಟಿ.ವಿ.ಯನ್ನು ಆರಿಸಿ ಎಂದು ಗದರಬೇಕಾಗುವುದಿಲ್ಲ. ಅಂದಹಾಗೆ ಗುಬ್ಬಿ ಎಂಬ ಹೆಸರಿನ ಊರಿನಲ್ಲಿ ಗುಬ್ಬಕ್ಕ ಹುಟ್ಟದೆ ಇನ್ನೆಲ್ಲಿ ಹುಟ್ಟಬೇಕು?

ಗುಬ್ಬಿಯ ನನ್ನ ವಿದ್ಯಾರ್ಥಿನಿ ಇನ್ನೂ ಬಸ್ಸು ಹತ್ತಿಲ್ಲ. ಆ ಹಾಳೆಯನ್ನು ಕನ್ನಡಿಯ ಪಕ್ಕ ಅಂಟಿಸಿಕೊಂಡು, ತಾನೇ ಕೂಡಿ ಕಳೆದು ಹೊಸ ಬೆಲೆ ಗೊತ್ತುಮಾಡಿದ್ದಾಳೆ: ಗುಬ್ಬಕ್ಕನಿಗೆ 400 ರೂಪಾಯಿ, ಕಾಗಕ್ಕನಿಗೂ ಅಷ್ಟೇ, ಜೋಡಿಯೆಂದು ರಿಯಾಯಿತಿ ಇಲ್ಲ. ಒಂದು ಗೊಂಬೆಗೆ ಒಂದು ವಾರ ಬೇಕು. ಅರ್ಧ ಹಣ ಮುಂಗಡ. ನನ್ನ ಬಳಿ ಗೊಂಬೆ ಕೇಳಿರುವ ಹನ್ನೊಂದು ಮಂದಿಗೂ ಅವಳ ದೂರವಾಣಿ ಸಂಖ್ಯೆಯನ್ನು ಅವಳ ಒಪ್ಪಿಗೆ ಪಡೆದು ಪ್ರತ್ಯೇಕವಾಗಿ ಕಳುಹಿಸುತ್ತೇನೆ. ನವರಾತ್ರಿಯ ಬೊಂಬೆ ಹಬ್ಬಕ್ಕೆ ಬೇಕಾದವರು ಶ್ರಾವಣ ಮುಗಿಯುವುದರೊಳಗೆ ತಿಳಿಸಬೇಕಂತೆ. ಸೀರೆಯ ಬಣ್ಣ ಯಾವುದೆಂದೂ ಹೇಳಿ, ಹೇಳದಿದ್ದರೆ ಹಸಿರು.